ಗೋಧಿ ಬಿಟ್ಟ ಖಾನಾವಳಿ

ದಾಂಡೇಲಿಯ ಅಂಬೇವಾಡಿಯಲ್ಲಿ ಕೆಂಚವ್ವನ ಖಾನಾವಳಿ ಎಲ್ಲಿದೆ ಎಂದು ಎರಡನೇ ಸಲ ಕೇಳಬೇಕಾಗಿರಲಿಲ್ಲ. ಹೊರಗೆ ಬೋರ್ಡಿಲ್ಲ. ಮನೆಯ ಪಡಸಾಲೆಯಲ್ಲಿ ಉದ್ದನೆಯ ಎರಡು ಬೆಂಚು, ಮೂಲೆಯಲ್ಲಿ ನೀರಿನ ಕೊಡ, ಅಷ್ಟೇ. ಆದರೂ ಕಾಗದದ ಮಿಲ್ಲಿನ ಪಾಳಿ ಬಿಟ್ಟಿತೆಂದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಅದಕ್ಕೆ ಕಾರಣ ಆಕೆಯ ಚಪಾತಿ. ಹದವಾಗಿ ನಾದಿ, ಪದರು ಮಡಚಿ ಲಟ್ಟಿಸಿದ ಆ ಚಪಾತಿ ಬೆಳಿಗ್ಗೆ ಡಬ್ಬಿಗೆ ಹಾಕಿದರೆ ಸಂಜೆಗೂ ಮೆತ್ತಗಿರುತ್ತಿತ್ತು. ಕುಂದಗೋಳದ ಕಡೆಯ ಹಳ್ಳಿಯಿಂದ ಲಗ್ನವಾಗಿ ಬಂದ ಹೊಸತರಲ್ಲಿ, ಗಂಡ ಮುದಕಪ್ಪನ ಜೊತೆ ದುಡಿಯುವ ಒಂದಿಬ್ಬರಿಗೆ ಬುತ್ತಿ ಕಟ್ಟಿಕೊಟ್ಟದ್ದರಿಂದ ಅದು ಶುರುವಾದದ್ದು. ಈಗ ಮುದಕಪ್ಪ ನಿವೃತ್ತನಾಗಿ ಕಟ್ಟೆಯ ಮೇಲೆ ಕೂತಿದ್ದ. ಮಗ ಮೌನೇಶ ಅದೇ ಮಿಲ್ಲಿಗೆ ಹೋಗುತ್ತಿದ್ದ. ಕೆಂಚವ್ವ ಮಾತ್ರ ಇನ್ನೂ ಹಿಟ್ಟಿನ ಪರಾತದ ಮುಂದೆಯೇ ಇದ್ದಳು.

ಅಂಥ ಮನೆಯಲ್ಲಿ ಚಪಾತಿಯನ್ನು ತಾಟಿನಲ್ಲೇ ಬಿಟ್ಟೇಳುವವಳು ಒಬ್ಬಳಿದ್ದಳು. ಸೊಸೆ ಅನ್ನಪೂರ್ಣಾ.

ಅನ್ನಪೂರ್ಣಾ ಮುಂಡಗೋಡದವಳು. ಭತ್ತದ ಗದ್ದೆಗಳ ನಡುವೆ ಬೆಳೆದವಳಿಗೆ ತವರಿನಲ್ಲಿ ಮೂರು ಹೊತ್ತೂ ಅನ್ನ. ಚಪಾತಿ ಏನಿದ್ದರೂ ಬೀಗರು ಬಂದಾಗ. ಮದುವೆಯಲ್ಲಿ ದುಂಡಗಿದ್ದ ಹುಡುಗಿ, ಮಗಳು ಸಹನಾ ಹುಟ್ಟಿದ ಮೇಲೆ ಸೊರಗುತ್ತ ಬಂದಳು. ಬಾಯಲ್ಲಿ ಹುಣ್ಣು, ಹೊಟ್ಟೆಯುಬ್ಬರ, ಆಗಾಗ ಭೇದಿ. ರಕ್ತ ಕಡಿಮೆಯೆಂದು ಕೊಟ್ಟ ಗುಳಿಗೆಗಳು ಖಾಲಿಯಾದವು, ರಕ್ತ ಏರಲಿಲ್ಲ. ಸಹನಾಳ ನಂತರ ಎರಡು ಬಸಿರು ನಿಲ್ಲಲಿಲ್ಲ. ಇಷ್ಟಾದರೂ ನಸುಕಿಗೆ ಎದ್ದು ಒಲೆ ಹಚ್ಚುವುದನ್ನು ಆಕೆ ಒಂದು ದಿನವೂ ತಪ್ಪಿಸಿದವಳಲ್ಲ.

"ಯಾಕ, ಇವತ್ತೂ ಬಿಟ್ಟೇಳಾಕತ್ತೀಯಲ್ಲ?" ಎಂದಳು ಕೆಂಚವ್ವ ಒಂದು ಮಧ್ಯಾಹ್ನ.

"ಹೊಟ್ಟಿ ಭಾರ ಆಗೇತ್ರಿ ಅತ್ತೀ. ಒಂದೀಟು ಅನ್ನ ಉಂಡೇನಿ, ಸಾಕು."

"ಊರ ಮಂದಿಗೆ ರುಚಿ ಹತ್ತಿದ್ದು ನಿನಗಷ್ಟ ಭಾರ ಆಗತೈತೇನು? ಸರಿಯಾಗಿ ಉಣ್ಣಂಗಿಲ್ಲ, ಆಮ್ಯಾಲ ಮೈಯಾಗ ರಕ್ತ ಇಲ್ಲ ಅಂತಿ. ರಕ್ತ ಗುಳಿಗಿಯಿಂದ ಬರ್ತೈತೇನು? ತಿಂದ ಕೂಳಿನಿಂದ ಬರಬೇಕು."

"ಉಣ್ಣೂ ಹೊತ್ತಿನ್ಯಾಗ ಬ್ಯಾಡ ಬಿಡ," ಎಂದ ಮುದಕಪ್ಪ.

"ನೀವು ಸುಮ್ನಿರ್ರಿ. ನಾ ಮಾಡಿದ್ದು ಆಕಿಗೆ ಸೇರೂದಿಲ್ಲ, ಅಷ್ಟ."

ಮಾತು ಬೆಳೆಯುವುದು ಬೇಡವೆಂದು ಅನ್ನಪೂರ್ಣಾ ಮತ್ತೆ ಕೂತಳು. ಬಿಟ್ಟಿದ್ದ ಚಪಾತಿಯನ್ನು ಹರಿದು, ಸಾರಿನಲ್ಲಿ ಅದ್ದಿ, ತುತ್ತುತುತ್ತಾಗಿ ನುಂಗಿದಳು. ತಾಟು ಖಾಲಿಯಾಗುವವರೆಗೆ ಕೆಂಚವ್ವ ಎದುರಿಗೇ ನಿಂತಿದ್ದಳು.

ಆ ವಾರ ಕಳೆಯುವುದರೊಳಗೆ ಅನ್ನಪೂರ್ಣಾ ಲಟ್ಟಣಿಗೆ ಹಿಡಿದವಳು ಹಾಗೇ ಪಕ್ಕಕ್ಕೆ ವಾಲಿ ಬಿದ್ದಳು. ಪಾಳಿ ಮುಗಿಸಿ ಬಂದ ಮೌನೇಶ ಹೆಂಡತಿಯ ಮುಖ ನೋಡಿ, "ಇನ್ನ ಈ ಗುಳಿಗಿ ನಂಬಿಕೊಂಡು ಕುಂದ್ರಾಕ ಆಗೂದಿಲ್ಲ. ನಾಳೆ ಹುಬ್ಬಳ್ಳಿಗೆ ಹೋಗೂಣು," ಎಂದ.

"ನಾನೂ ಬರ್ತೇನಿ. ಏನ್ ಹೇಳ್ತಾರ, ಕೇಳೂಣು," ಎಂದಳು ಕೆಂಚವ್ವ. ಸೊಸೆ ಉಣ್ಣುವುದಿಲ್ಲ ಎಂಬುದನ್ನು ಡಾಕ್ಟರ ಮುಂದೆ ತಾನೇ ಹೇಳಬೇಕೆಂದು ಆಕೆಯ ಮನಸ್ಸಿನಲ್ಲಿತ್ತು.

ಹುಬ್ಬಳ್ಳಿಯ ಡಾಕ್ಟರು ವಿದ್ಯಾವತಿ ನಡುವಯಸ್ಸಿನವರು, ಅವಸರವಿಲ್ಲದವರು. ಹಳೆಯ ಚೀಟಿಗಳನ್ನೆಲ್ಲ ನೋಡಿ ಬದಿಗಿಟ್ಟು ಕೇಳಿದರು: "ಲಗ್ನಕ್ಕ ಮೊದಲು ಹಿಂಗ ಆಗತಿತ್ತೇನಮ್ಮಾ?"

"ಇಲ್ಲರಿ. ಇಲ್ಲಿಗೆ ಬಂದ ಮ್ಯಾಲ."

"ತವರಿನ್ಯಾಗ ಏನ್ ಉಣ್ತಿದ್ದಿ? ಇಲ್ಲೆ ಏನ್ ಉಣ್ತಿ?"

ಸೊಸೆ ಬಾಯಿ ತೆರೆಯುವ ಮೊದಲೇ ಕೆಂಚವ್ವ ಉತ್ತರ ಕೊಟ್ಟಳು: "ಅಲ್ಲೆ ಬರೇ ಅನ್ನರಿ. ನಮ್ಮಲ್ಲೆ ಒಳ್ಳೇ ಕಸುವಿನ ಊಟ. ಎರಡೂ ಹೊತ್ತು ಚಪಾತಿ. ಮುಂಜಾನೆ ಉಪ್ಪಿಟ್ಟು, ಹಬ್ಬಕ್ಕ ಗೋದಿ ಹುಗ್ಗಿ."

ಡಾಕ್ಟರು ತಲೆಯೆತ್ತಿ ಆಕೆಯನ್ನೊಮ್ಮೆ, ಅನ್ನಪೂರ್ಣಾಳನ್ನೊಮ್ಮೆ ನೋಡಿದರು. ಬೇರೆಯದೇ ಒಂದು ರಕ್ತ ತಪಾಸಣೆ ಬರೆದುಕೊಟ್ಟರು. ಅದರ ಫಲಿತಾಂಶ ಬಂದ ಮೇಲೆ ಬಾಯಿಯಿಂದ ನಳಿಕೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ಆಮೇಲೆ ಮೂವರನ್ನೂ ಕೂಡಿಸಿಕೊಂಡು ಹೇಳಿದರು.

"ಇದಕ್ಕ ಸೀಲಿಯಾಕ್ ಅಂತಾರ. ಗೋದಿಯೊಳಗ ಗ್ಲುಟೆನ್ ಅಂತ ಒಂದು ಪದಾರ್ಥ ಇರ್ತೈತಿ. ಹಿಟ್ಟು ನಾದಿದಾಗ ಜಿಗಿ ಬರ್ತೈತಲ್ಲ, ಅದ. ಅದು ಹೊಟ್ಟಿಗೆ ಹೋದ್ರ ಇವರ ಮೈ ತನ್ನ ಕರುಳನ್ನ ತಾನ ಕೆಡಸ್ತೈತಿ. ಒಳಗಿನ ಪದರ ಸವದು ಹೋಗೇತಿ. ಅದಕ್ಕ ಉಂಡದ್ದು ಮೈಗೆ ಹತ್ತೂದಿಲ್ಲ, ಗುಳಿಗಿ ನುಂಗಿದ್ರೂ ರಕ್ತ ಏರೂದಿಲ್ಲ. ಬಸರು ನಿಲ್ಲಲಾರದ್ದಕ್ಕೂ ಇದ ಕಾರಣ ಇದ್ದಿರಬಹುದು."

"ಎಷ್ಟು ದಿನ ಔಷಧಿ ತಗೋಬೇಕ್ರಿ?" ಎಂದ ಮೌನೇಶ.

"ಔಷಧಿ ಅಂದ್ರ ಗೋದಿ ಬಿಡೂದ. ಚಪಾತಿ, ರವಾ, ಮೈದಾ, ಶ್ಯಾವಿಗಿ, ಬಿಸ್ಕೀಟು, ಜವೆಗೋದಿ, ಯಾವುದೂ ಬ್ಯಾಡ. ಜೀವ ಇರೂತನಕ. ಅನ್ನ, ಜ್ವಾಳ, ರಾಗಿ, ಗೊಂಜಾಳ ಉಣ್ಣಬಹುದು."

ಕೆಂಚವ್ವನ ಕೈ ಸೆರಗಿನ ಅಂಚನ್ನು ತಿರುವುತ್ತಿತ್ತು. ಡಾಕ್ಟರು ಮುಂದುವರಿಸಿದರು: "ಇನ್ನೊಂದು ಮಾತು. ಈ ಬ್ಯಾನಿ ಎಲ್ಲಾರ ಮೈಯಾಗೂ ಒಂದ ಥರ ಕಾಣೂದಿಲ್ಲ. ಕೆಲವರಿಗೆ ಹೊಟ್ಟಿ ಕೆಡತೈತಿ. ಕೆಲವರಿಗೆ ಹೊಟ್ಟಿ ಚಂದ ಇರ್ತೈತಿ, ಆದ್ರ ಎಲುಬು ಸವೀತಾವ, ಇಲ್ಲಾ ಮೈಮ್ಯಾಲೆ ತುರಿಸೂ ಗುಳ್ಳಿ ಏಳ್ತಾವ. ಮಕ್ಕಳು ಎತ್ತರ ಬೆಳೆಯೂದಿಲ್ಲ. ಒಬ್ಬೊಬ್ಬರಿಗೆ ಹೊರಗ ಏನೂ ಗೊತ್ತ ಆಗೂದಿಲ್ಲ. ರಕ್ತ ಸಂಬಂಧದಾಗ ಬರೂ ಸಂಭವ ಜಾಸ್ತಿ. ಮಗಳ ರಕ್ತ ನೋಡೂಣು, ಇವರ ತವರಿನವರದ್ದೂ. ಆದ್ರ ತಪಾಸಣಿ ಆಗೂತನಕ ಅವರಿಗೆ ಗೋದಿ ಬಿಡಿಸಬ್ಯಾಡ್ರಿ. ಬಿಡಿಸಿದ್ರ ರಕ್ತದಾಗ ಬ್ಯಾನಿ ಕಾಣೂದಿಲ್ಲ."

"ನನ್ನ ಮೊಮ್ಮಗಳಿಗೆ ಏನೂ ಆಗಿಲ್ಲರಿ," ಎಂದು ಕೆಂಚವ್ವ ಥಟ್ಟನೆ ಎದ್ದಳು. "ದಿನಾ ಆಡಿಕೋತ ಓಡಾಡತೈತಿ ಕೂಸು."

ಊರಿಗೆ ಮರಳುವ ಬಸ್ಸು ಹಳಿಯಾಳ ದಾಟಿತು. ಆಮೇಲೆ ಕೆಂಚವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ನಮ್ಮ ಕಡೆ ಬಾಣಂತಿಗೆ, ಕೂಸಿಗೆ, ಹಣ್ಣಾದ ಮುದುಕರಿಗೆ ಗೋದಿ ಕೊಡ್ತಾರ. ಅದನ್ನ ವಿಷ ಅಂತಾರ ಈ ಡಾಕ್ಟರಬಾಯಿ."

"ನಮಗ ವಿಷ ಅಲ್ಲ ಯವ್ವಾ. ಆಕಿಗೆ," ಎಂದ ಮೌನೇಶ.

ಮನೆಯಲ್ಲಿ ಅನ್ನಪೂರ್ಣಾ ತನ್ನ ಅಡಿಗೆಗೊಂದು ಮೂಲೆ ಮಾಡಿಕೊಂಡಳು. ಬೇರೆ ಒಲೆ, ಬೇರೆ ಹಂಚು, ಬೇರೆ ಡಬ್ಬಿ. ಕೆಂಚವ್ವ ಅತ್ತ ಹೋಗಲೂ ಇಲ್ಲ, ಅಡ್ಡಿ ಮಾಡಲೂ ಇಲ್ಲ. ಖಾನಾವಳಿಯ ಚಪಾತಿ ಕೆಲಸವನ್ನು ಮಾತ್ರ ಅನ್ನಪೂರ್ಣಾ ಬಿಡಲಿಲ್ಲ. ಮೂಗಿಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಲಟ್ಟಿಸಿದಳು, ಮುಗಿದ ಮೇಲೆ ಮೊಳಕೈವರೆಗೆ ತೊಳೆದುಕೊಂಡು ತನ್ನ ಮೂಲೆಗೆ ಹೋಗಿ ಅನ್ನ ಉಂಡಳು. ಎಲ್ಲರಿಗೂ ಬಡಿಸುವ ಹೋಳಿಗೆಯನ್ನು ತಾನು ಮುಟ್ಟದೆ ಹಬ್ಬ ಕಳೆದಳು. ಕೆಲವು ವಾರಗಳಲ್ಲಿ ಬಾಯಿಯ ಹುಣ್ಣು ಮಾಯ್ದವು. ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದು ತಪ್ಪಿತು. ಕೆಂಚವ್ವ ಅದನ್ನು ನೋಡಿದಳು.

ಅಷ್ಟರಲ್ಲಿ ಆರೋಗ್ಯ ಮತ್ತೆ ಕೆಟ್ಟಿತು. ಬರೀ ಅನ್ನ ಬೇಸರವಾಗಿ ಜೋಳದ ರೊಟ್ಟಿ ಶುರು ಮಾಡಿದ್ದಳು. ಹತ್ತೆಂಟು ದಿನದಲ್ಲಿ ಹೊಟ್ಟೆ ಉಬ್ಬಿ, ಭೇದಿ ಹತ್ತಿ, ಹಾಸಿಗೆ ಹಿಡಿದಳು.

"ಕದ್ದು ತಿಂದಿರಬೇಕು," ಎಂದಳು ಕೆಂಚವ್ವ, ಒಳಗೆ ಕೇಳಿಸುವ ಹಾಗೆ. "ಚಪಲ ಎಷ್ಟು ದಿನ ತಡೀತೈತಿ?"

ಅನ್ನಪೂರ್ಣಾ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಆ ಮನೆಯಲ್ಲಿ ಆಕೆ ದನಿಯೆತ್ತಿದ್ದನ್ನು ಯಾರೂ ಕೇಳಿರಲಿಲ್ಲ, ಅವತ್ತೂ ಎತ್ತಲಿಲ್ಲ.

"ಅತ್ತೀ, ಹೊಟ್ಟಿ ಭಾರ ಅಂದಾಗ ನೀವು ನಂಬಲಿಲ್ಲ. ನಿಮ್ಮ ಮನಸ್ಸು ಮುರೀಬಾರದಂತ ತಿಂದೆ. ಈಗ ತಿಂದಿಲ್ಲ ಅಂದ್ರೂ ನಂಬೂದಿಲ್ಲ. ಎರಡೂ ಸಲ ನಾ ಖರೇನ ಹೇಳೇನ್ರಿ."

ಅಷ್ಟು ಹೇಳಿ ಒಳಗೆ ಹೋದಳು. ಮರುದಿನ ಬೆಳಿಗ್ಗೆ ಕೆಂಚವ್ವ ಸೊಸೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿದಳು, ಹಿಟ್ಟನ್ನು ಬೊಟ್ಟಿನಲ್ಲಿ ತಿಕ್ಕಿ ನೋಡಿದಳು. ಏನೂ ತಿಳಿಯದೆ, ಜೋಳದ ಚೀಲ ಕಂಕುಳಲ್ಲಿಟ್ಟುಕೊಂಡು ಮನ್ಸೂರನ ಹಿಟ್ಟಿನ ಗಿರಣಿಗೆ ನಡೆದಳು.

ಮನ್ಸೂರ ಯಾರದೋ ಗೋಧಿ ಬೀಸುತ್ತಿದ್ದ. ಅದು ಮುಗಿದದ್ದೇ ಕೆಂಚವ್ವನ ಜೋಳವನ್ನು ಅದೇ ಬಾಯಿಗೆ ಸುರಿದ. ಮೊದಲು ಬಿದ್ದ ಹಿಟ್ಟು ಕಂದು, ಆಮೇಲೆ ನಿಧಾನವಾಗಿ ಬೆಳ್ಳಗಾಯಿತು.

"ನಿಲ್ಲಸಪಾ, ನಿಲ್ಲಸು!" ಎಂದು ಕೆಂಚವ್ವ ಕೂಗಿದಳು. "ಈ ಮೊದಲ ಬಿದ್ದದ್ದು ಯಾರ ಹಿಟ್ಟು?"

"ಹಿಂದಿನವರದು ಒಂದೀಟು ಕಲ್ಲಿನ ಸಂದ್ಯಾಗ ಉಳಿದ ಉಳೀತೈತ್ರಿ ಕೆಂಚವ್ವಾರ. ಯಾವ ಗಿರಣಿಗೆ ಹೋದ್ರೂ ಇಷ್ಟ. ಯಾಕ್ರಿ?"

ಆಕೆ ಎಲ್ಲ ಹೇಳಿದಳು. ಮನ್ಸೂರ ಗಿರಣಿಯ ಬೆಲ್ಟು ಬಿಚ್ಚಿ, ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡು ಹೇಳಿದ: "ನಾ ಎಷ್ಟು ಜಾಡಿಸಿದ್ರೂ ಗೋದಿ ಇಲ್ಲಂತ ಹೇಳಾಕ ಬರೂದಿಲ್ರಿ. ಮನಿ ಮಟ್ಟಿಗಿನ ಸಣ್ಣ ಮಷಿನ್ ಬರ್ತಾವ. ಕಲ್ಲು ಹೊಸಾದು ಹಾಕಿಸಿ ಕೊಡ್ತೇನಿ. ಅದರಾಗ ಗೋದಿ ಹಾಕಬ್ಯಾಡ್ರಿ, ಅಷ್ಟ. ಇಂಗಿನ ಡಬ್ಬಿನೂ ನೋಡ್ರಿ. ಕೆಲವು ಕಂಪನಿಯವರು ಅದಕ್ಕ ಮೈದಾ ಕೂಡಸ್ತಾರ."

ಆಗ ಒಳಗಿನಿಂದ ಅವನ ಮಗಳು ನಸ್ರೀನ ಚಹಾ ತಂದಳು. ಸಹನಾಗಿಂತ ಒಂದು ಇಯತ್ತೆ ಕೆಳಗೆ ಓದುವ ಹುಡುಗಿ. ಕೆಂಚವ್ವ ಚಹಾ ಹಿಡಿದವಳು ಹುಡುಗಿಯನ್ನೇ ನೋಡಿದಳು. ನಸ್ರೀನಳ ತಲೆ ತನ್ನ ಎದೆಗೆ ಬರುತ್ತಿತ್ತು. ಸಹನಾ ಇನ್ನೂ ಸೊಂಟದ ಹತ್ತಿರವೇ ಇದ್ದಳು.

ಮನೆಗೆ ಬಂದವಳೇ ಸಹನಾಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ನೋಡಿದಳು. ಬಾಯಿ ತೆರೆಸಿದಳು. ಹೊಸದಾಗಿ ಬಂದ ಹಲ್ಲುಗಳ ಮೇಲೆ ಮಾಸಲು ಪಟ್ಟೆ. ಕಳೆದ ವರ್ಷದ ಫ್ರಾಕು ಈ ವರ್ಷವೂ ಬರುತ್ತಿದೆಯೆಂದು ತಾನೇ ಹೆಚ್ಚುಗಾರಿಕೆಯಿಂದ ಹೇಳಿಕೊಂಡಿದ್ದಳು.

"ಯಾಕ ಆಯೀ?" ಎಂದು ಹುಡುಗಿ ಕೇಳಿತು.

"ಏನಿಲ್ಲ." ಆಮೇಲೆ ಹಾಸಿಗೆಯಲ್ಲಿದ್ದ ಸೊಸೆಯ ಬಳಿ ಹೋಗಿ ಕೂತಳು. "ನೀ ಕದ್ದು ತಿಂದಿರಲಿಲ್ಲ. ಗಿರಣಿ ಹಿಟ್ಟಿನ್ಯಾಗ ಗೋದಿ ಇತ್ತು. ನನ್ನ ಬಾಯಿ ಸುಡ್ಲಿ." ಸೊಸೆಯ ಹೊದಿಕೆ ಸರಿಪಡಿಸುತ್ತ, "ಸಹನಾನ ರಕ್ತಾನೂ ತೋರಸೂಣು," ಎಂದಳು.

ಫಲಿತಾಂಶ ಬಂದ ದಿನ ಡಾಕ್ಟರು ಹೇಳುವ ಮೊದಲೇ ಅವರ ಮುಖ ನೋಡಿ ಅನ್ನಪೂರ್ಣಾಗೆ ತಿಳಿಯಿತು. ತಾಯಿಯದೇ ಬೇನೆ. ಆದರೆ ಮಗುವಿಗೆ ಒಂದು ದಿನವೂ ಭೇದಿಯಾಗಿರಲಿಲ್ಲ, ಹೊಟ್ಟೆ ನೋಯುತ್ತದೆಂದು ಅತ್ತಿರಲಿಲ್ಲ. ಬೆಳವಣಿಗೆ ನಿಂತಿತ್ತು, ಅಷ್ಟೇ. ಈಗ ಗೋಧಿ ಬಿಟ್ಟರೆ ಬೆಳೆಯಲು ಇನ್ನೂ ವಯಸ್ಸಿದೆ ಎಂದರು ಡಾಕ್ಟರು.

ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಹಂಚಿನಿಂದಿಳಿದ ಮೊದಲ ಚಪಾತಿಗೆ ತುಪ್ಪ ಸಕ್ಕರೆ ಸವರಿ, ಸುರುಳಿ ಸುತ್ತಿ, ಮೊಮ್ಮಗಳ ಬಾಯಿಗೆ ಕೆಂಚವ್ವನೇ ಇಡುತ್ತಿದ್ದಳು. ಬೇಡವೆಂದರೆ ಗದರಿ ತಿನ್ನಿಸುತ್ತಿದ್ದಳು. ಅವತ್ತು ಬಸ್ಸಿನಲ್ಲಿ ಸಹನಾ ಆಕೆಯ ತೊಡೆಯ ಮೇಲೆ ನಿದ್ದೆ ಹೋದಳು. ದಾಂಡೇಲಿಗೆ ಬರುವವರೆಗೂ ಕೆಂಚವ್ವ ಆ ಸಣ್ಣ ಮಣಿಕಟ್ಟನ್ನು ತನ್ನ ಎರಡು ಬೆರಳಲ್ಲಿ ಹಿಡಿದುಕೊಂಡೇ ಕೂತಿದ್ದಳು.

ಮರುದಿನ ಎಲ್ಲರೂ ಊಟಕ್ಕೆ ಕೂತಾಗ ಹೇಳಿದಳು: "ಸೋಮವಾರದಿಂದ ಖಾನಾವಳಿಯೊಳಗ ಚಪಾತಿ ಇಲ್ಲ. ರೊಟ್ಟಿ, ಅನ್ನ."

ಮುದಕಪ್ಪನ ಕೈ ತುತ್ತಿನಲ್ಲೇ ನಿಂತಿತು. "ತಲಿ ಕೆಟ್ಟೈತೇನು? ಮಂದಿ ಬರೂದ ಚಪಾತಿಗೆ."

"ಗೊತ್ತೈತ್ರಿ. ಮಾಡಾಕಿ ನಾನ ಅಲ್ಲೇನು?"

"ಬ್ಯಾರೆ ಒಲಿ ಐತಲ್ಲ ಯವ್ವಾ," ಎಂದ ಮೌನೇಶ. "ಅವರಿಬ್ಬರೂ ಅಲ್ಲೆ ಮಾಡಿಕೊಂಡು ಉಣ್ಣಲಿ. ನನ್ನ ಒಬ್ಬನ ಪಗಾರದಾಗ ಮನಿ ನಡೀತೈತೇನು?"

"ಹಿಟ್ಟು ಜರಡಿ ಹಿಡದ್ರ ಮನಿ ತುಂಬ ಹಾರತೈತಿ. ಕೂಸು ನನ್ನ ಸೆರಗಿಗೆ ಮಾರಿ ಒರಸತೈತಿ, ಸೆರಗಿನ ತುಂಬ ಗೋದಿ. ಎಲ್ಲೆಲ್ಲೆ ತೊಳೀಲಿ?"

ಅನ್ನಪೂರ್ಣಾಳೇ ಅಡ್ಡ ಬಂದಳು. "ಬ್ಯಾಡ್ರಿ ಅತ್ತೀ. ಇಷ್ಟು ವರ್ಷದ ಹೆಸರು ನಿಮ್ಮದು. ನಾ ಸಹನಾನ್ನ ಹುಷಾರಾಗಿ ನೋಡಿಕೋತೇನಿ."

"ನೀ ಇಷ್ಟು ವರ್ಷ ಎಲ್ಲಾನೂ ಹುಷಾರಾಗಿ ನೋಡಿಕೊಂಡಿ. ಮೈಯಾಗ ರಕ್ತ ಇಲ್ದ ನನ್ನ ಸರಿಗೆ ಸರಿ ಲಟ್ಟಿಸಿದಿ. ನನಗ ಹಂಗ ಆಗಿದ್ರ ಒಂದು ವಾರ ತಡೀತಿದ್ದಿಲ್ಲ, ಊರ ಎತ್ತಿ ಕುಣಸ್ತಿದ್ದೆ. ಇನ್ನ ಸಾಕು," ಎಂದಳು ಕೆಂಚವ್ವ. ಸೊಸೆಯನ್ನು ಆಕೆ ಬಾಯಿಬಿಟ್ಟು ಹೊಗಳಿದ್ದು ಅದೇ ಮೊದಲು. ಹೊಗಳಿದ್ದು ಬೈದ ಹಾಗೇ ಇತ್ತು.

ಉಳಿದ ಗೋಧಿಯನ್ನು ಮನ್ಸೂರನ ಹೆಂಡತಿ ಸಿರಾಜುನ್ನಿಸಾಗೆ ಕೊಟ್ಟರು. ಅತ್ತೆ ಸೊಸೆ ಸೇರಿ ಅಡಿಗೆಮನೆಯ ಗೋಡೆ, ನಾಗಂದಿಗೆ, ಡಬ್ಬಿಗಳ ಮುಚ್ಚಳ, ಎಲ್ಲವನ್ನೂ ಸೋಪು ಹಾಕಿ ತೊಳೆದರು. ಸಣ್ಣ ಗಿರಣಿ ಮೂಲೆಗೆ ಬಂತು.

ಸೋಮವಾರ ಬೆಂಚಿಗೆ ಬಂದು ಕೂತ ಮೊದಲಿಗ ಮಿಲ್ಲಿನ ಫಿಟ್ಟರು ಅಂದಾನೆಪ್ಪ. ತಾಟು ನೋಡಿ, "ಚಪಾತಿ ಇನ್ನೂ ಆಗಿಲ್ಲೇನ್ರಿ?" ಎಂದ.

"ಇನ್ನ ಆಗೂದೂ ಇಲ್ಲ. ರೊಟ್ಟಿ ಐತಿ. ಉಂಡ್ರ ಉಣ್ಣು."

ಕೆಲವರು ಉಂಡರು, ಕೆಲವರು ಎದ್ದು ಹೋದರು. ಮೊದಲ ವಾರಗಳಲ್ಲಿ ಒಂದು ಬೆಂಚು ಪೂರ್ತಿ ಖಾಲಿಯಿರುತ್ತಿತ್ತು. ಮೌನೇಶ ಹೆಚ್ಚುವರಿ ಪಾಳಿ ಹಿಡಿದ. ಮುಖ ಗಂಟಿಕ್ಕಿಕೊಂಡೇ ಇದ್ದ, ಆದರೆ ತಾಯಿಯ ಎದುರು ಮತ್ತೆ ಆ ಮಾತೆತ್ತಲಿಲ್ಲ. ಮುದಕಪ್ಪ ಸಂಜೆ ತಿರುಗಾಡಿ ಬರುತ್ತೇನೆಂದು ಹೋಗಿ ಹೋಟೆಲಿನಲ್ಲಿ ಚಪಾತಿ ತಿಂದು ಬರುತ್ತಿದ್ದ. ಕೆಂಚವ್ವ ಬಾಗಿಲಲ್ಲೇ ತಡೆದು, "ತಿನ್ನಬ್ಯಾಡ ಅಂದಿಲ್ಲ. ಕೈ, ಮೀಸಿ ತೊಳಕೊಂಡು ಒಳಗ ಬರ್ರಿ," ಎನ್ನುತ್ತಿದ್ದಳು.

ರೊಟ್ಟಿ ಬಡಿಯುವುದು ಚಪಾತಿ ಲಟ್ಟಿಸಿದಷ್ಟು ಸುಲಭವಲ್ಲ. ಆ ವಯಸ್ಸಿನಲ್ಲಿ ಕೆಂಚವ್ವನ ರಟ್ಟೆ ನೋಯುತ್ತಿದ್ದವು. ಮುಂಡಗೋಡದ ಸೊಸೆಗೋ ಇಷ್ಟೊಂದು ರೊಟ್ಟಿ ಬಡಿಯುವುದು ಹೊಸದು. ಮೊದಮೊದಲು ಅಂಚು ಹರಿದು, ಕೈ ಸುಟ್ಟುಕೊಂಡು ಒದ್ದಾಡಿದಳು. ಆದರೆ ಆ ಕೈಗಳಿಗೆ ಈಗ ಕಸುವು ಬರುತ್ತಿತ್ತು. ಚಳಿಗಾಲ ಬರುವ ಹೊತ್ತಿಗೆ ಅನ್ನಪೂರ್ಣಾ ಬಡಿದ ರೊಟ್ಟಿ ಹಂಚಿನ ಮೇಲೆ ಪೂರ್ತಿ ಉಬ್ಬತೊಡಗಿತು, ಖಾಲಿ ಬೆಂಚೂ ಅರ್ಧಕ್ಕರ್ಧ ತುಂಬಿತು. ಅಂದಾನೆಪ್ಪ ಊರಿಗೆ ಹೋಗುವಾಗ ಖಡಕ್ ರೊಟ್ಟಿ ಕಟ್ಟಿಸಿಕೊಂಡು ಹೋದ. ಸಹನಾಳ ಕೆನ್ನೆ ತುಂಬಿಕೊಂಡಿತು. ಶಾಲೆಗೆ ಹೊಸ ಲಂಗ ಹೊಲಿಸಬೇಕಾಯಿತು.

ಅದೇ ದಿನಗಳಲ್ಲಿ ಅನ್ನಪೂರ್ಣಾಳ ತಾಯಿ ಕಾಶೆವ್ವ ಮೊಮ್ಮಗಳನ್ನು ನೋಡಲು ಬಂದಳು. ಮುಂಡಗೋಡದ ಟಿಬೆಟನ್ ಕಾಲೊನಿಯ ಹತ್ತಿರ ಮೆಕ್ಕೆಜೋಳದ ಹೊಲದಲ್ಲಿ ದುಡಿದು ಬದುಕುವ ಹೆಂಗಸು. ಬಸ್ಸಿನಿಂದಿಳಿದು ಮನೆಯವರೆಗೆ ಬರುವುದರೊಳಗೆ ಎಲ್ಲೆಲ್ಲೋ ಕೂತು ಬಂದಿದ್ದಳು. ಕೂತರೆ ಏಳಲು ಮಗಳ ಹೆಗಲು ಬೇಕಾಗಿತ್ತು.

"ಸೊಂಟಕ್ಕ ಏನಾಗೇತ್ರಿ?" ಎಂದಳು ಕೆಂಚವ್ವ.

"ವಯಸ್ಸಾತಲ್ರಿ. ಹ್ವಾದ ವರ್ಷ ಜಾರಿ ಬಿದ್ದೆ, ಕೈ ಮುರೀತು. ಎಲುಬಿನ್ಯಾಗ ಏನೂ ಉಳಿದಿಲ್ಲಂತ."

"ಹೊಟ್ಟಿ?"

"ಹೊಟ್ಟಿಗೇನಾಗೇತಿ? ಕಲ್ಲು ತಿಂದ್ರೂ ಕರಗತೈತಿ. ಸಕ್ಕರಿ ಬ್ಯಾನಿ ಐತಿ ಅಂದ ಮ್ಯಾಲ ಅನ್ನ ಬಿಟ್ಟು ಎರಡೂ ಹೊತ್ತು ಚಪಾತಿನ."

ಕೆಂಚವ್ವ ಸೊಸೆಯ ಮುಖ ನೋಡಿದಳು. ಅನ್ನಪೂರ್ಣಾ ಮೆಲ್ಲಗೆ, "ಎಷ್ಟು ಸಲ ಹೇಳೇನ್ರಿ ಅತ್ತೀ. ತನಗ ಏನೂ ಇಲ್ಲ, ರಕ್ತ ಕೊಡೂದಿಲ್ಲ ಅಂತಾಳ," ಎಂದಳು.

"ನಂದೇನ್ ಉಳದೈತಿ ಬಿಡ್ರಿ," ಎಂದಳು ಕಾಶೆವ್ವ ತಲೆ ತಗ್ಗಿಸಿ. "ಮಗಳ ಜೊತಿ ಈ ಬ್ಯಾನಿನೂ ನಿಮ್ಮ ಮನಿಗೆ ಕಳಿಸಿದೆ. ಮೊಮ್ಮಗಳಿಗೂ ಹತ್ತಿತು. ನಿಮ್ಮ ಮುಂದ ಯಾವ ಮಾರಿ ಇಟಕೊಂಡು ಕುಂದ್ರಲಿ?"

ಕೆಂಚವ್ವ ಎದ್ದು ಹೋಗಿ ಬುತ್ತಿಗೆಂದು ರೊಟ್ಟಿ ಕಟ್ಟುವ ಬಟ್ಟೆ ತಂದಳು. "ನೀವು ಗೊತ್ತಿಲ್ದ ಕೊಟ್ರಿ. ನಾನು ಗೊತ್ತಿಲ್ದ ಉಣಿಸಿದೆ. ನಿಮ್ಮಷ್ಟ ಪಾಲು ನಂದೂ ಐತಿ. ಅದನ್ನ ಅಳತಿ ಮಾಡಕೋತ ಕುಂತ್ರ ನಿಮ್ಮ ಎಲುಬು ಗಟ್ಟಿ ಆಗತಾವೇನು? ನಾಳೆ ಹುಬ್ಬಳ್ಳಿಗೆ ಹೋಗೂಣು. ನಾ ಬರ್ತೇನಿ."

"ಹೊಟ್ಟಿ ಚಲೋ ಐತಲ್ರಿ ನಂದು."

"ಸಹನಾಂದೂ ಚಲೋ ಇತ್ತು."

ಮರುದಿನ ಇಬ್ಬರೂ ಮುದುಕಿಯರು ಡಾಕ್ಟರ ಕೋಣೆಯಲ್ಲಿ ಅಕ್ಕಪಕ್ಕ ಕೂತಿದ್ದರು. ಕಾಶೆವ್ವ ಸೆರಗು ಬಿಗಿದುಕೊಂಡು ನೆಲ ನೋಡುತ್ತಿದ್ದಳು. ಕೆಂಚವ್ವನೇ ಹೇಳಿದಳು: "ಹೊಟ್ಟಿ ಏನೂ ತಕರಾರ ಇಲ್ಲರಿ, ಅದಕ್ಕ ಇವರು ಒಲ್ಲೆ ಅಂತಾರ. ಸುಮ್ನ ಬಿದ್ರ ಎಲುಬು ಮುರೀತೈತಿ. ಮಗಳಿಗೆ ಐತಿ, ಮೊಮ್ಮಗಳಿಗೆ ಐತಿ. ಎರಡೂ ಹೊತ್ತು ಚಪಾತಿ ತಿಂತಾರ. ನಾ ಬಿಡಸಿಲ್ಲರಿ, ಮೊದಲ ರಕ್ತ ನೋಡ್ರಿ. ಬಿಡಸೂದು ಆಮ್ಯಾಲ."

ವಿದ್ಯಾವತಿಯವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನಕ್ಕರು. "ನೀವು ಇವರಿಗೆ ಏನಾಗಬೇಕ್ರಿ? ಅಕ್ಕನೋ, ತಂಗಿನೋ?"

"ಬೀಗತಿ ಆಗಬೇಕ್ರಿ," ಎಂದಳು ಕೆಂಚವ್ವ. ಕಾಶೆವ್ವನ ತೋಳು ಹಿಡಿದು ಎಬ್ಬಿಸಿ, ರಕ್ತ ತೆಗೆಯುವ ಕೋಣೆಯತ್ತ ನಿಧಾನವಾಗಿ ನಡೆಸಿಕೊಂಡು ಹೊರಟಳು.